ಅಭಾದ ಮನೆಯಲ್ಲಿ ಉಮ್ಮ ಎಳೆದ ಗೆರೆ

ಅರಬ್ ನಾಡಿನ ಬೆಟ್ಟದೂರು ಅಭಾದ ಹಳೆಯ ಕಲ್ಲುಮನೆಯೊಂದನ್ನು ಈಗ ಟಿಕೆಟ್ ಕೊಂಡು ನೋಡಬೇಕು. ಮೊನ್ನೆ ಶುಕ್ರವಾರ ಒಳಗೆ ಕಾಲಿಟ್ಟದ್ದೇ ತಣ್ಣನೆಯ ಮಣ್ಣಿನ ವಾಸನೆ ಬಂತು. ನಾನು ಮತ್ತೆ ಚಿಕ್ಕವಳಾದೆ.

ನನ್ನ ಉಮ್ಮ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ನಾವು ಇದರ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದೆವು. ಹಿಂದೆ ಅದು ದನದ ಹಟ್ಟಿ. ದನ ಕಟ್ಟುತ್ತಿದ್ದ ಕಬ್ಬಿಣದ ಬಳೆಗೆ ನನ್ನ ಶಾಲೆಯ ಚೀಲ ನೇತಾಡುತ್ತಿತ್ತು. ಮೇಲಿನ ಮಾಳಿಗೆ ಮನೆಯೊಡತಿಯ ಮಾವ ಕಟ್ಟಿಸಿದ್ದು, ಅದರ ಮೇಲಿನದು ಗಂಡ, ತುದಿಯ ಸಿಮೆಂಟಿನದು ಮಗ. ಬರಿಗಾಲಲ್ಲಿ ಮೆಟ್ಟಿಲು ಹತ್ತಿದರೆ ಕಣ್ಣು ಮುಚ್ಚಿಯೂ ಯಾರ ಕಾಲಕ್ಕೆ ಬಂದೆನೆಂದು ತಿಳಿಯುತ್ತಿತ್ತು.

ಒಮ್ಮೆ ಹಬ್ಬದ ಮುಂಚೆ ಉಮ್ಮ, ಊರಿನಲ್ಲಿ ಮಾಡುವಂತೆ, ಮಸಿ ಹಿಡಿದ ಮೆಟ್ಟಿಲ ಗೋಡೆಗೆ ಸುಣ್ಣ ಬಳಿದುಬಿಟ್ಟರು. ಮಸಿಯ ಅಡಿಯಲ್ಲಿ ಇದ್ದದ್ದು ಮನೆಯೊಡತಿಯ ಅತ್ತೆ ಬಿಡಿಸಿದ ಬಣ್ಣದ ಪಟ್ಟೆಗಳು. ಅಲ್ಲಿ ಗೋಡೆಗೆ ಚಿತ್ತಾರ ಬರೆಯುವವರು ಮನೆಯ ಹೆಂಗಸರೇ.

ಮನೆಯೊಡತಿ ಇಳಿದು ಬಂದು ಬಿಳಿ ಗೋಡೆಯನ್ನು ಬಹಳ ಹೊತ್ತು ನೋಡಿದರು.

“ಇನ್ನು ನಮ್ಗೆ ಬೇರೆ ಮನೆಯೇ ಗತಿ ಮಗಾ,” ಉಮ್ಮ ಪಿಸುಗುಟ್ಟಿದರು.

ಮನೆಯೊಡತಿ ಮೇಲೆ ಹೋಗಿ ಬಣ್ಣದ ಡಬ್ಬಿ ತಂದರು. ಉಮ್ಮನ ಕೈಯಿಂದ ಸುಣ್ಣದ ಬ್ರಷ್ ಕಿತ್ತುಕೊಂಡು, ಸಣ್ಣ ಕುಂಚ ಹಿಡಿಸಿ, “ಯಲ್ಲಾ” ಎಂದು ಬರೆಯಲು ಅವಸರಿಸಿದರು. ಉಮ್ಮ ಒಂದು ಕೆಂಪು ಗೆರೆ ಎಳೆದರು.

ಮೊನ್ನೆ ಗೈಡ್ ಅದೇ ಗೆರೆಗೆ ಟಾರ್ಚ್ ಬಿಟ್ಟು, “ಬಹಳ ಪುರಾತನ, ಈ ಶೈಲಿ ಬೇರೆಲ್ಲೂ ಇಲ್ಲ,” ಎಂದ. ನಾನು ಹೊರಗೆ ಬಂದು ಊರಲ್ಲಿದ್ದ ಉಮ್ಮನಿಗೆ ಫೋನ್ ಮಾಡಿ ಹೇಳಿದೆ.

“ಅಲ್ಲಾ!” ಎಂದರು ಉಮ್ಮ. “ಅದು ಇನ್ನೂ ಸೊಟ್ಟಗೇ ಉಂಟಾ?”