ಮಾರಾಟಕ್ಕಿಲ್ಲದ ಬೂಟು

ಕೆಳಗಿನ ಗಲ್ಲಿಯಲ್ಲಿ ಬೆಳಗಿನ ಮೊದಲ ಶಟರು ಗರಗರನೆ ಮೇಲೇರಿತು. ಅರ್ಧಕ್ಕೆ ಸಿಕ್ಕಿಕೊಂಡು, ಯಾರದೋ ಒಂದು ಒದೆ ತಿಂದು, ಮತ್ತೆ ಏರಿತು. ಮೂರನೇ ಮಹಡಿಯ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದವಳು ಕಿಟಕಿಯತ್ತ ನೋಡದೆಯೇ, "ಎಣ್ಣೆ ಅಂಗಡಿ ತೆಗೆದ್ರು" ಎಂದಳು.

ಆ ಮಾರುಕಟ್ಟೆಯ ಯಾವ ಅಂಗಡಿ ಹೇಗೆ ಕೆಮ್ಮುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಬೆಲೆ ಬರೆದುಕೊಂಡು ಬರುವುದೇ ಅವಳ ಸರ್ಕಾರಿ ನೌಕರಿ. ತಿಂಗಳಿಗೊಮ್ಮೆ, ಎರಡನೇ ಮಂಗಳವಾರ, ನಲವತ್ತು ಅಂಗಡಿ, ಇನ್ನೂರ ಹನ್ನೆರಡು ಸಾಮಾನು. ಕೇಳುವುದು ಒಂದೇ ಪ್ರಶ್ನೆ: "ಇವತ್ತು ಎಷ್ಟು?" ಕೊಳ್ಳುವುದು ಮಾತ್ರ ಏನೂ ಇಲ್ಲ. ಬಿಸಿಲಿರಲಿ ಮಳೆಯಿರಲಿ, ಹಲಗೆಗೆ ಫಾರಂ ಸಿಕ್ಕಿಸಿಕೊಂಡು ಬರುವ ಅವಳನ್ನು ಅಂಗಡಿಯವರೆಲ್ಲ ರೇಟಕ್ಕ ಎಂದೇ ಕರೆಯುತ್ತಿದ್ದರು. ಅವಳು ಬರೆದದ್ದು, ಬೇರೆ ಊರುಗಳಲ್ಲಿ ಅವಳಂಥವರು ಬರೆದದ್ದು, ಎಲ್ಲವೂ ಕಚೇರಿಯಲ್ಲಿ ಒಂದೇ ಮುದ್ದೆಯಾಗಿ, ಬದುಕುವ ಖರ್ಚು ಇಷ್ಟು ಎಂಬ ಅಂಕಿಯಾಗುತ್ತಿತ್ತು. ಬಜೆಟ್ಟು ಆ ಅಂಕಿಯ ಮೇಲೆ ಕಾಲೂರಿ ನಿಲ್ಲುತ್ತಿತ್ತು. ಮಕ್ಕಳ ಬೂಟು ಮಾತ್ರ ಇಡೀ ದೇಶದಲ್ಲಿ ಅವಳೊಬ್ಬಳ ಪಟ್ಟಿಯಲ್ಲಿತ್ತು.

ಈಗ ಸಂಸತ್ತಿನ ಬಜೆಟ್ ಸಮಿತಿ ಅವಳನ್ನೇ ಕರೆಸಿತ್ತು. ಮಕ್ಕಳ ಬೂಟಿನ ಬೆಲೆ ಹನ್ನೊಂದು ವರ್ಷದಿಂದ ಕೂದಲೆಳೆಯಷ್ಟೂ ಏರಿಲ್ಲ, ಆದ್ದರಿಂದ ಶಾಲಾ ಮಕ್ಕಳಿಗೆ ಕೊಡುವ ಬೂಟಿನ ಭತ್ಯೆಯನ್ನು ಏರಿಸಬೇಕಾಗಿಲ್ಲ ಎಂದು ಹಣಕಾಸು ಮಂತ್ರಿ ಭಾಷಣದಲ್ಲಿ ಹೇಳಿದ್ದರು. ಸಮಿತಿಯಲ್ಲಿ ಆ ಬಾಬ್ತು ಬಂದಾಗ ಮೂರು ಮಕ್ಕಳ ತಂದೆಯಾದ ಸದಸ್ಯನೊಬ್ಬ ಮೇಜು ಕುಟ್ಟಿದನಂತೆ: "ಈ ಬೆಲೆ ಬರೆದವರು ಯಾರ್ರೀ? ಅವರನ್ನೇ ಕರೆಸಿ. ಆ ಅಂಗಡಿ ಎಲ್ಲಿದೆ ಅಂತ ನನ್ನ ಹೆಂಡತಿಗೂ ಹೇಳಬೇಕು!"

ಪತ್ರ ಬಂದಾಗಿನಿಂದ ರೇಟಕ್ಕನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ! ಅವಳ ಕೈಬರಹವನ್ನು ಓದಿದವರು, ಅವಳ ಬಾಯಿಂದಲೇ ಕೇಳಬೇಕು ಎಂದವರು, ಇಷ್ಟು ವರ್ಷದಲ್ಲಿ ಇದೇ ಮೊದಲು.

"ಮನೆಯಲ್ಲಿ ಉಪ್ಪು ಮುಗಿದದ್ದು ಗೊತ್ತಾಗಲ್ಲ, ದೇಶಕ್ಕೆ ರೇಟು ಹೇಳೋಕೆ ಹೊರಟಿದಾಳೆ ಮಹಾರಾಯ್ತಿ" ಎಂದರು ಅತ್ತೆ.

"ಉಪ್ಪಲ್ಲ ಅತ್ತೆ, ಬೂಟು."

"ಯಾವುದೋ ಒಂದು. ಅಲ್ಲಿ ಗೂನು ಬೆನ್ನು ಮಾಡ್ಕೊಂಡು ನಿಲ್ಲಬೇಡ. ನಮ್ಮ ಮನೆ ಮರ್ಯಾದೆ." ಹಾಗೆನ್ನುತ್ತಲೇ ಅವರು ಸೊಸೆಯ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಿದ್ದರು.

ಅಷ್ಟರಲ್ಲಿ ಮೇಲಧಿಕಾರಿಯ ಫೋನು. "ನೋಡಮ್ಮಾ, ನಿಯಮದ ಪ್ರಕಾರವೇ ಬರೆದಿದ್ದೀರಾ ಅಂತ ಕೇಳ್ತಾರೆ. ಹೌದು ಅನ್ನಿ. ಅಷ್ಟೇ. ಅದರ ಮುಂದೆ ಒಂದಕ್ಷರವೂ ಬೇಡ."

"ಹೌದಲ್ವಾ ಸರ್, ನಿಯಮದ ಪ್ರಕಾರವೇ ಬರೆದಿರೋದು" ಎಂದಳು ರೇಟಕ್ಕ, ಹೆಮ್ಮೆಯಿಂದಲೇ.

ಆದರೂ ಒಮ್ಮೆ ನೋಡಿಬಿಡೋಣವೆಂದು ಬೂಟಿನಂಗಡಿಗೆ ಹೋದಳು. ಅಲ್ಲಿ ಒಬ್ಬ ತಾಯಿ ಮಗಳನ್ನು ಮಣೆಯ ಮೇಲೆ ಕೂರಿಸಿದ್ದಳು. ಹುಡುಗಿಯ ಹಳೆಯ ಬೂಟಿನ ತುದಿಯನ್ನು ಕತ್ತರಿಸಲಾಗಿತ್ತು, ಬೆರಳಿಗೆ ಜಾಗವಾಗಲೆಂದು. ತಾಯಿ ಗಾಜಿನ ಕಪಾಟಿನತ್ತ ಕೈ ತೋರಿಸಿದಳು. "ಅಣ್ಣಾ, ಆ ಬಿಳಿ ಕ್ಯಾನ್ವಾಸ್ ಬೂಟು ಕೊಡಿ. ನೂರಾ ಹತ್ತು ಅಂತ ಬರೆದಿದೆಯಲ್ಲ."

"ಅದು ಮಾರೋಕಲ್ಲಮ್ಮಾ" ಎಂದ ಅಂಗಡಿಯಣ್ಣ. "ಅದು ಗೌರ್ಮೆಂಟಿಂದು. ನಿಮಗೆ ಬೇಕಾದ್ರೆ ಇದಿದೆ, ನಾನೂರ ಇಪ್ಪತ್ತು. ಇದಕ್ಕಿಂತ ಕಡಿಮೆ ನನ್ನಲ್ಲಿಲ್ಲ."

ತಾಯಿ ಆ ಹೊಸ ಬೂಟನ್ನು ತಿರುಗಿಸಿ ನೋಡಿ, ಮೆಲ್ಲಗೆ ಕೆಳಗಿಟ್ಟು, ಮಗಳ ಕೈ ಹಿಡಿದುಕೊಂಡು ಹೊರಟುಹೋದಳು.

ರೇಟಕ್ಕ ಹಾವು ತುಳಿದವಳಂತೆ ನಿಂತಳು. "ಗೌರ್ಮೆಂಟಿಂದು ಅಂದ್ರೆ?"

"ನಿಮ್ದೇ ಅಲ್ವಾ ಅಕ್ಕಾ!" ಅವನ ಮುಖ ಅರಳಿತು. "ಆ ಕಂಪನಿ ಮುಚ್ಚಿ ಹನ್ನೊಂದು ವರ್ಷ ಆಯ್ತು. ಪಟ್ಟಿಯಲ್ಲಿರೋ ಸಾಮಾನು ಸಿಗದಿದ್ರೆ ಬದಲಿ ಫಾರಂ ತುಂಬಬೇಕು, ಮೂರು ಪ್ರತಿ, ಪ್ರಾಣ ತಿಂತಾರೆ ಅಂತ ನೀವೇ ಒಂದಿನ ಇಲ್ಲಿ ಕೂತು ಗೋಳಾಡಿದ್ರಲ್ಲ. ಅದಕ್ಕೇ ಕೊನೇ ಜೊತೆ ಮಾರದೆ ಎತ್ತಿಟ್ಟೆ. ಎಷ್ಟು ಜನ ಕೇಳಿದ್ರು ಗೊತ್ತಾ? ನಮ್ಮ ರೇಟಕ್ಕನಿಗೆ ತೊಂದರೆ ಆಗಬಾರದು ಅಂತ ಕೊಡಲಿಲ್ಲ."

ಅವಳು ಏನೆಂದು ಬೈಯಲಿ? ತಿಂಗಳು ತಿಂಗಳೂ ಕಪಾಟಿನತ್ತ ಕಣ್ಣು ಹಾಯಿಸಿ, ಬೂಟು ಇದೆ, ಬೆಲೆ ಇದೆ ಎಂದು ನೆಮ್ಮದಿಯಿಂದ ನೂರಾ ಹತ್ತು ಎಂದು ಬರೆದ ಕೈ ಅವಳದೇ. ಬದಲಿ ಫಾರಂ ತಪ್ಪಿತಲ್ಲ ಎಂದು ಒಳಗೊಳಗೇ ಖುಷಿಪಟ್ಟಿದ್ದೂ ಅವಳೇ. ಇಡೀ ದೇಶದ ಮಕ್ಕಳ ಕಾಲನ್ನು ಯಾರೂ ಹಾಕದ ಒಂದು ಜೊತೆ ಬೂಟಿನೊಳಗೆ ತುರುಕಿಬಿಟ್ಟಿದ್ದಳು.

ನೂರಾ ಹತ್ತನ್ನು ಎಣಿಸಿ ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. "ಕಟ್ಟಿಕೊಡಿ."

"ಅಯ್ಯೋ, ಮುಂದಿನ ತಿಂಗಳು ಏನು ತೋರಿಸಲಿ?"

"ಏನೂ ತೋರಿಸಬೇಡಿ ಮಾರಾಯ್ರೇ!"

ಮನೆಯಲ್ಲಿ ಕತೆ ಕೇಳಿ ಅತ್ತೆ ಬೂಟನ್ನು ಕೈಗೆತ್ತಿಕೊಂಡು ನೋಡಿದರು. "ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ" ಎಂದರು ಆಮೇಲೆ. "ಕೆಲಸ ಹೋದ್ರೆ?"

"ಹೇಳದಿದ್ರೆ ಇನ್ನೊಂದು ವರ್ಷ ಭತ್ಯೆ ಏರಲ್ಲ ಅತ್ತೆ. ನಾಳೆಯೇ ಒಪ್ಪಿಗೆ ಹಾಕ್ತಾರೆ."

"ಹಾಗಾದ್ರೆ ಒದೆಸಿಕೊಂಡೇ ಬಾ."

ಸಮಿತಿಯ ಕೋಣೆ ಅವಳು ಎಣಿಸಿದಷ್ಟು ದೊಡ್ಡದಿರಲಿಲ್ಲ. ಕುದುರೆ ಲಾಳದಂತೆ ಜೋಡಿಸಿದ ಮೇಜು, ಬೆಟ್ಟದಂತೆ ಬಜೆಟ್ ಪುಸ್ತಕಗಳು, ನಡುವೆ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಅಧ್ಯಕ್ಷೆ. ಮೇಲಧಿಕಾರಿ ಪಕ್ಕದ ಕುರ್ಚಿಯಲ್ಲೇ ಇದ್ದರು. ಅವಳ ಎದೆ ಢವಗುಟ್ಟುವುದು ಮೈಕಿನಲ್ಲಿ ಕೇಳಿಸಿಬಿಟ್ಟೀತೆಂದು ಅದನ್ನು ಸ್ವಲ್ಪ ದೂರ ಸರಿಸಿದಳು.

"ನಿಯಮದ ಪ್ರಕಾರವೇ ಬರೆದಿದ್ದೀರಾ?" ಎಂದು ಅಧ್ಯಕ್ಷೆ ಕೇಳಿದರು.

"ಹೌದು" ಎಂದಳು. ಮೇಲಧಿಕಾರಿ ಉಸಿರು ಬಿಟ್ಟರು. "ಆದರೆ" ಎಂದಳು. ಅವರು ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಂಡರು.

ಚೀಲದಿಂದ ಬೂಟು ತೆಗೆದು ಮೇಜಿನ ಮೇಲಿಟ್ಟಳು. ಮೂರು ಮಕ್ಕಳ ತಂದೆ ಎದ್ದು ಬಂದು ಒಂದನ್ನು ಎತ್ತಿಕೊಂಡು ಬಗ್ಗಿಸಿದ. ಟಕ್ ಎಂದು ಅಟ್ಟೆ ಎರಡು ತುಂಡಾಯಿತು. ಕೋಣೆಯ ತುಂಬ ನಗೆ.

"ಹನ್ನೊಂದು ವರ್ಷದಿಂದ ಸ್ಥಿರವಾಗಿರೋದು ಇದರ ಬೆಲೆನಾ?" ಎಂದ ಅವನು.

ರೇಟಕ್ಕ ನಗಲಿಲ್ಲ. ಕಂಪನಿ ಮುಚ್ಚಿದ್ದು, ಅಂಗಡಿಯಣ್ಣ ಎತ್ತಿಟ್ಟದ್ದು, ತಾನು ಮೂರು ಪ್ರತಿಗೆ ಹೆದರಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ತಪ್ಪು ಅವರದ್ದಲ್ಲ, ನನ್ನದು. ಸಾಮಾನು ಇದೆಯಾ ಅಂತ ನೋಡಿದೆ, ಯಾರಾದರೂ ಕೊಳ್ತಾರಾ ಅಂತ ಕೇಳಲಿಲ್ಲ. ಇವತ್ತು ಮಕ್ಕಳ ಬೂಟು ನಾನೂರ ಇಪ್ಪತ್ತಕ್ಕಿಂತ ಕೆಳಗೆ ಆ ಅಂಗಡಿಯಲ್ಲಿಲ್ಲ."

ಈಗ ನಗೆ ನಿಂತಿತ್ತು. ಲೇಖನಿಗಳು ಸರಸರನೆ ಓಡತೊಡಗಿದವು.

"ಇದು ಇಲಾಖೆಯ ಒಳಗಿನ ವಿಷಯ ಮೇಡಂ" ಎಂದರು ಮೇಲಧಿಕಾರಿ. "ನಾಳೆ ಕಚೇರಿಯಲ್ಲಿ ಇವರ ಜೊತೆ ಮಾತಾಡ್ತೀನಿ."

"ಮಾತಾಡಿ, ಟೀ ಕೊಡಿಸಿ" ಎಂದರು ಅಧ್ಯಕ್ಷೆ. "ಆದ್ರೆ ಇಲ್ಲಿ ಹೇಳಿದ ಮಾತಿಗೆ ಅಲ್ಲಿ ಶಿಕ್ಷೆ ಕೊಡೋ ಹಾಗಿಲ್ಲ. ಸಾಕ್ಷಿ ಹೇಳಿದವರ ಕೂದಲು ಕೊಂಕಿದ್ರೂ ಮುಂದಿನ ಸಲ ಆ ಕುರ್ಚಿಯಲ್ಲಿ ನೀವು ಒಬ್ಬರೇ ಕೂತಿರ್ತೀರಿ." ಮತ್ತೆ ಎಲ್ಲರತ್ತ ತಿರುಗಿ, "ಬೂಟಿನ ಭತ್ಯೆಯ ಬಾಬ್ತಿಗೆ ಇವತ್ತು ಒಪ್ಪಿಗೆ ಇಲ್ಲ. ಬೆಲೆ ಹೊಸದಾಗಿ ಬರೆದು, ಮೊತ್ತ ಬದಲಾಯಿಸಿ ತರಲಿ. ಒಪ್ಪೋರು?"

ಕೈಗಳು ಒಂದೊಂದಾಗಿ ಎದ್ದವು. ರೇಟಕ್ಕ ಎಣಿಸಿದಳು. ಒಂಬತ್ತು. ಹನ್ನೊಂದರಲ್ಲಿ ಒಂಬತ್ತು!

"ಪಟ್ಟಿಯಲ್ಲಿ ಇಂಥವು ಇನ್ನೆಷ್ಟಿವೆಯಮ್ಮಾ?" ಅಧ್ಯಕ್ಷೆ ಕೇಳಿದರು.

ಅವಳ ಕಣ್ಣ ಮುಂದೆ ನಲವತ್ತು ಅಂಗಡಿಗಳೂ ದೀಪ ಹೊತ್ತಿಸಿಕೊಂಡು ಸಾಲಾಗಿ ನಿಂತವು. ಕೀಲಿ ಕೊಡುವ ಗಡಿಯಾರ. ಶಾಯಿ ಬಾಟಲಿ. ಮರದ ಹಿಡಿಯ ಛತ್ರಿ. "ನೋಡಿದ್ರೆ ಗೊತ್ತಾಗುತ್ತೆ" ಎಂದಳು. "ಮಾರುಕಟ್ಟೆ ಇಲ್ಲಿಂದ ಇಪ್ಪತ್ತೇ ನಿಮಿಷ."

ಅಧ್ಯಕ್ಷೆ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಎದ್ದೇಬಿಟ್ಟರು. "ಕಾರು ಹೇಳಲಾ?"

"ಕಾರು ಆ ಗಲ್ಲಿಯಲ್ಲಿ ಹಿಡಿಸಲ್ಲ ಮೇಡಂ, ನಡೀಬೇಕು. ಬರೋದಾದ್ರೆ ಈಗಲೇ ಬನ್ನಿ, ಒಂದು ಗಂಟೆಗೆ ಅಂಗಡಿಯವರು ಊಟಕ್ಕೆ ಹೋಗ್ತಾರೆ." ಅವಳಾಗಲೇ ಬಾಗಿಲಲ್ಲಿದ್ದಳು. ಹಿಂದೆ ಕುರ್ಚಿಗಳು ಕಿರುಗುಟ್ಟಿದವು. "ಫೈಲು ತರಬೇಡಿ. ನಾವು ಯಾರು ಅಂತ ಹೇಳಬೇಡಿ. ಕೊಳ್ಳೋರ ಹಾಗೆ ಸಾಲಲ್ಲಿ ನಿಂತು, ಮುಂದಿನವರು ಎಷ್ಟು ಕೊಟ್ಟರು ಅಂತ ನೋಡಿ. ಸರ್, ನೀವು ಮೇಜು ಕುಟ್ಟೋರು, ಅಲ್ಲಿ ಗಲ್ಲಾಪೆಟ್ಟಿಗೆ ಕುಟ್ಟಬೇಡಿ. ಮೊದಲು ಛತ್ರಿ ಅಂಗಡಿ, ಅದರ ಅಜ್ಜಿ ಬಾಯಿ ಸ್ವಲ್ಪ ಜೋರು, ಅವರು ಏನಾದ್ರೂ ಅಂದ್ರೆ ನೀವು ಸುಮ್ಮನೆ" ಎನ್ನುತ್ತ ಅವಳು ಮೆಟ್ಟಿಲಿಳಿದು, ಗೇಟು ದಾಟಿ, ರಸ್ತೆಯ ಆಚೆಗೆ ನಡೆದೇಬಿಟ್ಟಳು; ಸಮಿತಿ ಅವಳ ಹಿಂದೆಯೇ ಹೊರಟಿತು.