ಆಂಟಿ ತೆಗೆಸಿದ ಫೋಟೊ

ಮೆಹಂದಿಯಿಂದ ಕಿತ್ತಳೆ ಬಣ್ಣಕ್ಕೆ ತಿರುಗಿದ ಕೂದಲು, ಕಾಡಿಗೆ ಹಚ್ಚಿದ ದೊಡ್ಡ ಕಣ್ಣು, ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಬೀಳುವ ಗುಳಿ. ಅಮೆರಿಕದ ಮಾರಿಸ್‌ವಿಲ್‌ನಲ್ಲಿ ನಮ್ಮ ಪಕ್ಕದ ಟೌನ್‌ಹೌಸಿನಲ್ಲಿ ಮಗ-ಸೊಸೆಯ ಜೊತೆಗಿದ್ದ ಮೈಸೂರಿನ ಆಂಟಿಗೆ ಫೋಟೊ ಅಂದರೆ ಪ್ರಾಣ. ಯಾರಾದರೂ ಫೋನ್ ಎತ್ತಿದರೆ ಸಾಕು, ದುಪಟ್ಟಾ ಸರಿಮಾಡಿಕೊಂಡು ಮುಂದಿನ ಸಾಲಿಗೆ ಬಂದುಬಿಡುತ್ತಿದ್ದರು.

ನಾನು ಷಾರ್ಲೆಟ್‌ನಲ್ಲಿ ಗಂಡನನ್ನು ಬಿಟ್ಟು, ಮಗಳನ್ನು ಕರೆದುಕೊಂಡು ಅಲ್ಲಿಗೆ ಬಂದವಳು. ಅವನು ನನ್ನ ಮೇಲೆ ಕೈ ಮಾಡುತ್ತಿದ್ದ. ನಾವೆಲ್ಲಿದ್ದೇವೆಂದು ಅವನಿಗೆ ತಿಳಿಯಬಾರದೆಂದು ಆನ್‌ಲೈನ್ ಖಾತೆಗಳನ್ನೆಲ್ಲ ಮುಚ್ಚಿದ್ದೆ. ಹೊರಗೆ ಕಾರಿನ ಬಾಗಿಲು ಬಡಿದರೂ ಕಿಟಕಿಗೆ ಓಡುತ್ತಿದ್ದೆ. ವಿಷಯ ಗೊತ್ತಿದ್ದದ್ದು ಆಂಟಿಗೊಬ್ಬರಿಗೇ.

ಎದುರುಮನೆಯ ಗೆಳತಿ ಮಗನ ಬರ್ತ್‌ಡೇ ಮಾಡಿದಳು. ಮಾರನೆಯ ದಿನ ಬೆಂಗಳೂರಿನಿಂದ ನನ್ನ ಅಕ್ಕನ ಫೋನ್. ಗೆಳತಿ ಆನ್‌ಲೈನ್‌ನಲ್ಲಿ ಹಾಕಿದ್ದ ಪಾರ್ಟಿಯ ಫೋಟೊ ಯಾರಿಂದ ಯಾರಿಗೋ ಹೋಗಿ ಅಕ್ಕನವರೆಗೂ ಬಂದಿತ್ತು. ಮುಂದೆ ಆಂಟಿ, ಹಿಂದೆ ನಾನು, ಮಗಳು. ನಮ್ಮ ತಲೆಯ ಮೇಲೆ ಕಾಲೊನಿಯ ಹೆಸರಿನ ಫಲಕ. ಬೆಂಗಳೂರಿಗೆ ತಲುಪಿದ್ದು ಷಾರ್ಲೆಟ್‌ಗೆ ತಲುಪದೆ ಇರುತ್ತದೆಯೇ? ಸೂಟ್‌ಕೇಸ್ ಇಳಿಸಿ ಕೈಗೆ ಸಿಕ್ಕಿದ್ದನ್ನು ತುಂಬತೊಡಗಿದೆ. ಅಷ್ಟರಲ್ಲಿ ಬಂದ ಆಂಟಿ ನನ್ನ ಮಾತನ್ನು ಪೂರ್ತಿ ಕೇಳಿ, ನೇರ ಎದುರುಮನೆಗೆ ನಡೆದರು. ನಾನು ಹಿಂದೆಯೇ ಹೋದೆ.

ಗೆಳತಿಗೆ ಅಚ್ಚರಿ. "ಫ್ರೆಂಡ್ಸ್‌ಗೆ ಮಾತ್ರ ಕಾಣೋ ಹಾಗೆ ಸೆಟ್ ಮಾಡಿದೀನಿ, ಆಂಟಿ."

"ನಿನ್ನ ಫ್ರೆಂಡ್ಸ್ ನನ್ನ ಫ್ರೆಂಡ್ಸ್ ಅಲ್ವಲ್ಲಮ್ಮ. ನನ್ನ ಮುಖ ಅಲ್ಲೆಲ್ಲ ಓಡಾಡೋದು ನಂಗೆ ಬೇಡ. ತೆಗೆದುಬಿಡು."

ನನ್ನ ಹೆಸರನ್ನು ಅವರು ಎತ್ತಲೇ ಇಲ್ಲ. ಗೆಳತಿ ತೆಗೆದಳು. ಆದರೆ ಅದನ್ನು ಕಾಲೊನಿಯ ಇನ್ನೂ ಕೆಲವರು ಹಂಚಿಕೊಂಡಿದ್ದರು. ಆಂಟಿ ಅವರೊಬ್ಬೊಬ್ಬರ ಮನೆಗೂ ಹೋಗಿ, ಅಳಿಸುವವರೆಗೆ ಸೋಫಾದಿಂದ ಏಳಲಿಲ್ಲ.

ಆಂಟಿ ಇದ್ದಕ್ಕಿದ್ದಂತೆ ಮಡಿವಂತರಾಗಿಬಿಟ್ಟರು ಎಂದು ಜನ ನಕ್ಕರು. ಅದು ಅವರ ಕಿವಿಗೂ ಬಿತ್ತು. ನಾನೇ ನಿಜ ಹೇಳುತ್ತೇನೆಂದಾಗ ತಡೆದರು. "ನಿನ್ನ ವಿಷಯ ನಿಂಗೆ ಹೇಳ್ಬೇಕು ಅನ್ಸಿದಾಗ ಹೇಳು, ಬೇಟಾ. ನನಗೋಸ್ಕರ ಹೇಳ್ಬೇಡ." ಆಡಿದ ಮಾತು ಸುಳ್ಳಾಗಬಾರದೆಂದು ಆಮೇಲೆ ಅವರು ಯಾವ ಫೋಟೊಗೂ ನಿಲ್ಲಲಿಲ್ಲ. ಈದ್ ದಿನ ಮಕ್ಕಳು ಕೈಹಿಡಿದು ಎಳೆದರೂ, ಫೋನ್ ಇಸಿದುಕೊಂಡು ತಾವೇ ಎಲ್ಲರ ಫೋಟೊ ತೆಗೆಯುತ್ತಿದ್ದರು.

ಅವನು ಬರಲಿಲ್ಲ. ಫೋಟೊ ಹೋದದ್ದರಿಂದಲೋ, ಅವನ ಕಣ್ಣಿಗೆ ಅದು ಬೀಳಲೇ ಇಲ್ಲವೋ, ಇಂದಿಗೂ ಗೊತ್ತಿಲ್ಲ. ಯಾರಾದರೂ ಅದರ ಒಂದು ಪ್ರತಿಯನ್ನು ಉಳಿಸಿಕೊಂಡಿರಬಹುದೆಂಬ ಭಯ, ಅವನು ನಮ್ಮ ಹತ್ತಿರ ಸುಳಿಯಬಾರದೆಂದು ಕೋರ್ಟ್ ಆದೇಶ ಬಂದ ಮೇಲೂ ಪೂರ್ತಿ ಹೋಗಿಲ್ಲ.

ಕಳೆದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಕಾಲೊನಿಯ ವಾಟ್ಸಾಪ್ ಗುಂಪಿನಲ್ಲಿ ಸಂತಾಪಕ್ಕೆ ಹಾಕಲು ಒಂದು ಫೋಟೊ ಹುಡುಕಿದರು. ಇತ್ತೀಚಿನದು ಯಾರಲ್ಲೂ ಇರಲಿಲ್ಲ. ಅವರಿಗೆ ಫೋಟೊ ಅಂದ್ರೆ ಆಗ್ತಿರಲಿಲ್ಲವಲ್ಲ ಎಂದು ಒಬ್ಬರು ಬರೆದರು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಗಂಡನ ವಿಷಯ, ಸೂಟ್‌ಕೇಸ್, ಆ ಫೋಟೊ, ಎಲ್ಲವನ್ನೂ ಬರೆದು ಕಳುಹಿಸಿದೆ.

ಸಂಜೆ ಆಂಟಿಯ ಮನೆಗೆ ಹೋದಾಗ ಸೊಸೆ ನನ್ನ ಮೆಸೇಜ್ ತೆರೆದ ಫೋನ್ ಹಿಡಿದು ಕುಳಿತಿದ್ದಳು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಅವರಿಗೆ ಫೋಟೊ ಬೇಡ ಅಂತಲೇ ನಾವೂ ನಂಬಿದ್ವಿ," ಎಂದಳು. "ಅಮ್ಮಿ ನಮಗೂ ಹೇಳಿರ್ಲಿಲ್ಲ."