ತಳ್ಳುವವಳ ಗಾಡಿ

ನನಗೆ ಸಿಟ್ಟು ಬೇಗ ಬರುತ್ತದೆ, ನಿಧಾನವಾಗಿ ಹೋಗುತ್ತದೆ. ಒಲೆ ಹತ್ತಿಕೊಳ್ಳದಿದ್ದರೆ ಬರುತ್ತದೆ, ಹಾಲು ಉಕ್ಕಿದರೆ ಬರುತ್ತದೆ, ಹಾಲು ಉಕ್ಕುತ್ತಿರುವುದನ್ನು ನೋಡುತ್ತಲೇ ನಮ್ಮ ಮನೆಯವರು ಪತ್ರಿಕೆಯ ಹಾಳೆ ತಿರುಗಿಸಿದರೆ ಎರಡು ಸಲ ಬರುತ್ತದೆ. ಇವೆಲ್ಲ ಊಟದ ಹೊತ್ತಿಗೆ ಆರಿಹೋಗುವಂಥವು. ವರ್ಷಗಳಾದರೂ ಆರದಿರುವುದು ಒಂದು ಪ್ರಶ್ನೆಯ ಮೇಲಿನ ಸಿಟ್ಟು. "ಮಗೂನ ತಳ್ಳೋ ಗಾಡಿಗೆ ಅಷ್ಟು ದುಡ್ಡು ಸುರೀಬೇಕಿತ್ತೇನಮ್ಮಾ? ಕಮ್ಮೀದು ಸಿಕ್ತಿರ್ಲಿಲ್ವಾ?" ಮುಳಬಾಗಿಲಿನಲ್ಲಿ ಈ ಪ್ರಶ್ನೆಯನ್ನು ನನಗೆ ಕೇಳದೆ ಉಳಿದವರು, ನಾನು ಬಲ್ಲಂತೆ, ಇಬ್ಬರೇ. ಒಬ್ಬರು ಕಾಶಿಗೆ ಹೋಗಿದ್ದಾರೆ. ಇನ್ನೊಬ್ಬ ಗಾಡಿಯೊಳಗೆ ಕೂತಿದ್ದ ನನ್ನ ಮಗ, ಅವನಿಗೆ ಆಗ ಮಾತು ಬರುತ್ತಿರಲಿಲ್ಲ.

ಮೊದಲು ನನ್ನ ಕಾಲಿನ ವಿಷಯ ಹೇಳಿಬಿಡುತ್ತೇನೆ. ಹೇಳದೆ ಹೋದರೆ ನೀವೂ ಅದನ್ನೇ ಕೇಳುತ್ತೀರಿ, ನಿಮ್ಮ ಮೇಲೂ ನನಗೆ ಸಿಟ್ಟು ಬರುತ್ತದೆ. ನನ್ನ ತವರು ಶ್ರೀನಿವಾಸಪುರ. ಒಂಬತ್ತನೆಯ ವಯಸ್ಸಿನಲ್ಲಿ ನಮ್ಮ ತೋಪಿನ ಮಾವಿನ ಮರದಿಂದ ಬಿದ್ದೆ. ಮೂಳೆ ಕಟ್ಟುವವನು ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಮೂಳೆಯೇನೋ ಕೂಡಿಕೊಂಡಿತು, ಆದರೆ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡವಾಗಿ ಕೂಡಿಕೊಂಡಿತು. ಅಷ್ಟು ಎತ್ತರದಿಂದ ಬಿದ್ದರೂ ಕೈಯಲ್ಲಿದ್ದ ಕಾಯಿಯನ್ನು ಬಿಟ್ಟಿರಲಿಲ್ಲವೆಂದು ನಮ್ಮಮ್ಮ ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಹೆಣ್ಣು ನೋಡಲು ಬಂದ ದಿನ ನನ್ನನ್ನು ಮೊದಲೇ ಚಾಪೆಯ ಮೇಲೆ ಕೂರಿಸಿಟ್ಟಿದ್ದರು. ಬಂದವರು ಎದ್ದು ಹೋಗುವ ತನಕ ಏಳಿಸಲಿಲ್ಲ. ಹುಡುಗನಿಗೆ ಮಾತ್ರ ನಮ್ಮಪ್ಪ ಹಿತ್ತಲಿಗೆ ಕರೆದೊಯ್ದು ನಿಜ ಹೇಳಿದ್ದರು. ಹುಡುಗ ಮಿಡ್ಲ್ ಸ್ಕೂಲಿನ ಮೇಷ್ಟ್ರು. "ಪರವಾಗಿಲ್ಲ" ಎಂದರಂತೆ. ಆ ಪರವಾಗಿಲ್ಲದ ಮೇಲೆ ಅವರು ನನ್ನ ಕಾಲಿನ ಕಡೆ ಮತ್ತೆ ತಿರುಗಿ ನೋಡಲಿಲ್ಲ. ಎಂಥ ದೊಡ್ಡ ಮನಸ್ಸು ಎಂದು ಆಗ ಕಣ್ಣಲ್ಲಿ ನೀರು ತಂದುಕೊಂಡಿದ್ದೆ. ನೋಡದೆ ಇರುವುದು ಬೇರೆ, ದೊಡ್ಡ ಮನಸ್ಸು ಬೇರೆ ಎಂದು ತಿಳಿಯಲು ನನಗೊಂದು ಮಗು ಹುಟ್ಟಬೇಕಾಯಿತು.

ನಮ್ಮ ಕಡೆ ಹೆಂಗಸಿನ ಸೊಂಟವೆಂದರೆ ಸಾರ್ವಜನಿಕ ಆಸ್ತಿ. ಬಿಂದಿಗೆ ಅಲ್ಲೇ ಕೂರಬೇಕು, ಪುಟ್ಟಿ ಅಲ್ಲೇ ಕೂರಬೇಕು, ಕೂಸೂ ಅಲ್ಲೇ ಕೂರಬೇಕು. ಗಂಡಸರ ಸೊಂಟ ಉಡಿದಾರ ಕಟ್ಟುವುದಕ್ಕೆ ಮಾತ್ರ ಇದೆ. ಗುಡಿಯ ಕಂಬಗಳಲ್ಲಿ ಶಿಲ್ಪಿಗಳು ಹೆಂಗಸರನ್ನು ಮೂರು ಕಡೆ ಬಾಗಿಸಿ ನಿಲ್ಲಿಸಿರುತ್ತಾರೆ. ತಿಳಿದವರು ಅದಕ್ಕೆ ತ್ರಿಭಂಗಿ ಎಂದು ಹೆಸರಿಟ್ಟು, ಕತ್ತು ಎತ್ತಿ ನೋಡಿ ಆಹಾ ಎನ್ನುತ್ತಾರೆ. ನಾನು ನಡೆಯುವಾಗ ಒಂದೇ ಕಡೆ ಬಾಗುತ್ತೇನೆ. ಅದಕ್ಕೆ ಯಾವ ಶಾಸ್ತ್ರದಲ್ಲೂ ಹೆಸರಿಲ್ಲ, ಬೀದಿಯಲ್ಲಿ ಮಾತ್ರ ಇದೆ. ಮಗುವನ್ನು ಎಡಗಡೆ ಎತ್ತಿಕೊಂಡರೆ ಕಾಲು ಕುಸಿಯುತ್ತಿತ್ತು. ಬಲಗಡೆ ಎತ್ತಿಕೊಂಡರೆ ನಾನೇ ವಾಲಿ ಗೋಡೆ ಹಿಡಿಯಬೇಕಾಗುತ್ತಿತ್ತು. ಹೀಗಾಗಿ ಮನೆಯ ಹೊಸ್ತಿಲು ದಾಟಬೇಕಾದರೆ ಮಗುವನ್ನು ಎತ್ತಿಕೊಳ್ಳಲು ಇನ್ನೊಬ್ಬರು ಬೇಕು. ಡಾಕ್ಟರ ಹತ್ತಿರ ಹೋದರೆ ಅತ್ತೆ ಮಗುವನ್ನೆತ್ತಿಕೊಂಡು ಮುಂದೆ, ನಾನು ಕೊಡೆ ಹಿಡಿದು ಹಿಂದೆ. ಹಾಲು ಕುಡಿಯುತ್ತದಾ, ರಾತ್ರಿ ಅಳುತ್ತದಾ ಎಂದು ಡಾಕ್ಟರು ಅತ್ತೆಯನ್ನೇ ಕೇಳುವರು. ಎದೆಹಾಲು ಕುಡಿಸುವವಳು ನಾನು, ಉತ್ತರ ಹೇಳುವವರು ಅವರು. ನನಗೆ ಬೇಕಾಗಿದ್ದದ್ದು ಇಷ್ಟೇ: ನನ್ನ ಮಗುವನ್ನು ನಾನೇ ಕರೆದುಕೊಂಡು ಹೋಗಬೇಕು.

ಮಗುವಿಗೆ ಐದು ತಿಂಗಳಾದಾಗ, ಅದನ್ನು ಅತ್ತೆಯ ಹತ್ತಿರ ಬಿಟ್ಟು, ನಾನೂ ನಮ್ಮ ಮನೆಯವರೂ ಕೋಲಾರಕ್ಕೆ ಹೋದೆವು. ಅಲ್ಲಿ ಹಳೆಯ ಸಾಮಾನು ಮಾರುವ ಸಾಹೇಬರ ಅಂಗಡಿಯಲ್ಲಿ ಮಗುವಿನ ಗಾಡಿಗಳು ಎರಡಿದ್ದವು. ಒಂದು ಬೆಂಗಳೂರಿನಲ್ಲಿ ಮಾಡಿದ ಹೊಸ ಬೆತ್ತದ ಗಾಡಿ, ಹನ್ನೆರಡು ರೂಪಾಯಿ. ಇನ್ನೊಂದು ಹಳೆಯ ಸೀಮೆ ಗಾಡಿ, ಮೂವತ್ತೆರಡು. ಅದಕ್ಕೆ ರಬ್ಬರಿನ ಚಕ್ರ, ಚರ್ಮದ ಮುಸುಕು, ಹೊಟ್ಟೆಯ ಕೆಳಗೆ ಸ್ಪ್ರಿಂಗು. "ಚಿನ್ನದ ಗಣಿ ದೊರೆ ಮನೇದು ಅಮ್ಮಾ, ಅಸಲಿ ಮಾಲು. ಕಲ್ಲಿನ ಮೇಲೆ ಹೋದ್ರೂ ಮಗೂಗೆ ನಿದ್ದೆ ಕೆಡಲ್ಲ" ಎಂದರು ಸಾಹೇಬರು. ನಮ್ಮ ಮನೆಯವರು ಬೆತ್ತದ ಗಾಡಿಯ ಸುತ್ತ ಪ್ರದಕ್ಷಿಣೆ ಹಾಕತೊಡಗಿದರು. ನಾನು ಅದರ ಹಿಡಿಯ ಮೇಲೆ ಸುಮ್ಮನೆ ಕೈಯಿಟ್ಟೆ. ಮುಂದಿನ ಚಕ್ರಗಳೆರಡೂ ಮೇಲೆದ್ದವು. ಒಳಗೆ ಮಗುವಿದ್ದಿದ್ದರೆ ನನ್ನ ಕಡೆಗೇ ಉರುಳುತ್ತಿತ್ತು. ಆಮೇಲೆ ಸೀಮೆ ಗಾಡಿಯ ಹಿಡಿಯ ಮೇಲೆ ಕೈಯಿಟ್ಟೆ, ಮೈಭಾರ ಬಿಟ್ಟೆ, ಇನ್ನೂ ಸ್ವಲ್ಪ ಬಿಟ್ಟೆ. ಗಾಡಿ ಅಲುಗಲಿಲ್ಲ. ಅಂಗಡಿಯ ಈ ತುದಿಯಿಂದ ಆ ತುದಿಗೆ ಹತ್ತು ಹೆಜ್ಜೆ ತಳ್ಳಿಕೊಂಡು ಹೋದೆ. ಮರದಿಂದ ಬಿದ್ದ ಮೇಲೆ ಮೊದಲ ಸಲ ನಾನು ಬಾಗದೆ ನಡೆದೆ. ಅಲ್ಲೇ ನಿಂತು ಅತ್ತುಬಿಡಬೇಕೆನಿಸಿತು. ಅಳಲಿಲ್ಲ. "ಇದೇ ಇರಲಿ, ಮುಸುಕು ಚೆನ್ನಾಗಿದೆ" ಎಂದೆ.

ಈ ಸುಳ್ಳನ್ನು ಈಗ ಒಪ್ಪಿಕೊಳ್ಳುತ್ತಿದ್ದೇನೆ. ಮುಸುಕಿಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಹೆಚ್ಚಿಗೆ ತೆತ್ತ ಇಪ್ಪತ್ತು ರೂಪಾಯಿ ಆ ಹಿಡಿಗೆ, ಅದನ್ನು ಹಿಡಿದುಕೊಳ್ಳುವ ನನಗೆ. ಆದರೆ ಹಾಗೆಂದು ಬಾಯಿಬಿಟ್ಟು ಹೇಳುವುದು ಹೇಗೆ? ಊರಿನಲ್ಲಿ ಷೋಕಿಯವಳು ಎನಿಸಿಕೊಳ್ಳಬಹುದು, ಕುಂಟಿ ಎನಿಸಿಕೊಳ್ಳಲಾರೆ. ಎರಡರಲ್ಲಿ ಒಂದನ್ನು ನಾನೇ ಆರಿಸಿಕೊಂಡೆ. ಆರಿಸಿಕೊಂಡ ಮೇಲೆ, ಅದನ್ನು ನಂಬಿದವರ ಮೇಲೆಲ್ಲ ಸಿಟ್ಟು ಮಾಡಿಕೊಂಡೆ. ಇದು ನ್ಯಾಯವಲ್ಲವೆಂದು ಗೊತ್ತು. ಸಿಟ್ಟಿಗೆ ನ್ಯಾಯ ಗೊತ್ತಿದ್ದರೆ ಅದನ್ನು ಸಿಟ್ಟೆಂದು ಯಾಕೆ ಕರೆಯುತ್ತಿದ್ದರು?

ಗಾಡಿ ಬಸ್ಸಿನ ಮೇಲೆ ರಾಗಿ ಮೂಟೆಗಳ ನಡುವೆ ಕೂತು ಮುಳಬಾಗಿಲಿಗೆ ಬಂತು. ನಂಗಲಿ ಕಡೆಯವರಾದ ನಮ್ಮ ಅತ್ತೆಗೆ ಸಿಟ್ಟು ಬಂದರೆ ಕನ್ನಡದ ಜೊತೆ ತೆಲುಗೂ ಬರುತ್ತದೆ. "ಅಯ್ಯೋ ದೇವುಡಾ! ಈ ದುಡ್ಡಿಗೆ ಕರೆಯೋ ಹಸು ಬರ್ತಿತ್ತು ಕಣೇ ಅಮ್ಮಾಯಿ. ಹಸು ಹಾಲಾದ್ರೂ ಕೊಡ್ತಿತ್ತು, ಇದೇನು ಕೊಡುತ್ತೆ?" ಎಂದರು. ಅವರಿಗೆ ಇನ್ನೊಂದು ಚಿಂತೆಯೂ ಇತ್ತು. ನಮ್ಮ ಬೀದಿಯಲ್ಲಿ ಒಂದೇ ತೊಟ್ಟಿಲು ಮನೆಯಿಂದ ಮನೆಗೆ ಸುತ್ತುತ್ತದೆ; ಹನ್ನೊಂದು ಮಕ್ಕಳು ಅದರಲ್ಲಿ ಬೆಳೆದಿವೆ, ಆದ್ದರಿಂದ ಅದು ಒಳ್ಳೆಯ ತೊಟ್ಟಿಲು. ಈ ಗಾಡಿಯಲ್ಲಿ ಬೆಳೆದವರು ಯಾರು, ಬದುಕಿದ್ದಾರೋ ಇಲ್ಲವೋ, ಸಮುದ್ರದಾಚೆಯ ಮಾತು ಯಾರಿಗೆ ಗೊತ್ತು? ಅದಕ್ಕೆ ಅವರು ನಾಮಕರಣದಲ್ಲಿ ತೊಟ್ಟಿಲಿಗೆ ಮಾಡುವ ಶಾಸ್ತ್ರವನ್ನೇ ಗಾಡಿಗೂ ಮಾಡಿದರು. ಮಗುವಿಗಿಂತ ಮೊದಲು ರುಬ್ಬುವ ಗುಂಡುಕಲ್ಲಿಗೆ ಅರಿಸಿನ ಹಚ್ಚಿ, ಕುಲಾವಿ ತೊಡಿಸಿ, ಮುಸುಕಿನ ಕೆಳಗೆ ಮಲಗಿಸಿ, ಬೀದಿಯ ಕೊನೆಯ ತನಕ ತಳ್ಳಿಕೊಂಡು ಹೋಗಿ ಬಂದರು. ಸ್ಪ್ರಿಂಗು ಆ ಕಲ್ಲು ಗುಂಡಪ್ಪನನ್ನು ಮೆಲ್ಲಗೆ ತೂಗಿತು. ಬಂದ ಮೇಲೆ ದೃಷ್ಟಿಗೆಂದು ಹಿಡಿಗೆ ಮೆಣಸಿನಕಾಯಿ, ಇದ್ದಿಲು, ಹಳೆಯ ಚಪ್ಪಲಿಯ ಒಂದು ತುಂಡು ಕಟ್ಟಿದರು. ಗಣಿಯ ದೊರೆಸಾನಿ ಅದನ್ನು ನೋಡಿದ್ದರೆ ಗಾಡಿ ಮಾರಿ ಹಡಗು ಹತ್ತುವ ಮುಂಚೆ ಇನ್ನೊಮ್ಮೆ ಯೋಚನೆ ಮಾಡುತ್ತಿದ್ದಳು.

ಅಲ್ಲಿಂದ ಶುರುವಾಯಿತು ಊರಿನವರ ಉಪದೇಶ. ಎತ್ತಿಕೊಳ್ಳದೆ ಬೆಳೆದ ಮಗುವಿಗೆ ತಾಯಿಯ ಮೇಲೆ ಮಮತೆ ಹುಟ್ಟುವುದಿಲ್ಲವಂತೆ. ಗಾಡಿಯಲ್ಲಿ ಬೆಳೆದವನು ಮುಂದೆ ನಡೆಯಲು ಸೋಮಾರಿಯಾಗುತ್ತಾನಂತೆ. ನಮ್ಮ ಮನೆಯವರ ಜೊತೆಯ ಮೇಷ್ಟ್ರೊಬ್ಬರು ಸಂಸ್ಕೃತ ಬಲ್ಲವರು; ಮಗುವಿಗೆ ತಾಯಿಯ ಅಂಕವೇ ಮೊದಲ ಪೀಠವೆಂದು ಜಗುಲಿಯ ಮೇಲೆ ಕೂತು ಅರ್ಧ ಗಂಟೆ ವಿವರಿಸಿದರು. ಅವರಿಗೆ ಆರು ಮಕ್ಕಳು. ಆರರಲ್ಲಿ ಒಂದನ್ನಾದರೂ ಅವರು ಬಾವಿಕಟ್ಟೆಯವರೆಗೆ ಎತ್ತಿಕೊಂಡು ಹೋದದ್ದನ್ನು ಊರಿನಲ್ಲಿ ಯಾರೂ ಕಂಡಿಲ್ಲ. ಅಮಲ್ದಾರರು ಜಟಕಾದಲ್ಲಿ ಹೋದರೆ ಅದು ಗೌರವ, ಮದುವೆ ಗಂಡು ಕುದುರೆಯ ಮೇಲೆ ಹೋದರೆ ಸಂಭ್ರಮ, ದೇವರು ಪಲ್ಲಕ್ಕಿಯಲ್ಲಿ ಹೋದರೆ ಭಕ್ತಿ. ಎಂಟು ಸೇರು ತೂಕದ ನನ್ನ ಕೂಸು ನಾಲ್ಕು ಚಕ್ರದ ಮೇಲೆ ಹೋದರೆ ತಾಯಿಗೆ ಕರುಳಿಲ್ಲ! ಬಂದವರೆಲ್ಲ ಮುಸುಕು ಸರಿಸಿ ಒಳಗೆ ಇಣುಕುವರು, ಚಕ್ರ ಒತ್ತಿ ನೋಡುವರು, ಸ್ಪ್ರಿಂಗು ಕುಲುಕುವರು, ಬೆಲೆ ಕೇಳುವರು. ನನಗೆ ಮೈ ಉರಿಯುತ್ತಿತ್ತು. ಆದರೂ ಹೇಳಲಿಲ್ಲ.

ಉರಿದರೂ ಹೋಗುತ್ತಿದ್ದೆ. ಡಾಕ್ಟರ ಹತ್ತಿರ ನಾನೇ ಹೋದೆ. ಹಾಲು ಕುಡಿಯುತ್ತದಾ ಎಂಬ ಪ್ರಶ್ನೆಗೆ ನಾನೇ ಉತ್ತರ ಹೇಳಿದೆ, ಬೇಕಾದ್ದಕ್ಕಿಂತ ಉದ್ದವಾಗಿಯೇ ಹೇಳಿದೆ. ಕೆರೆ ಏರಿಯ ತನಕ ಹೋದೆ. ಯಾವ ಕೆಲಸವೂ ಇಲ್ಲದೆ ಬಸ್ಸು ನಿಲ್ಲುವ ಜಾಗಕ್ಕೆ ಹೋಗಿ, ಯಾರೂ ಇಳಿಯದಿದ್ದರೂ ನಿಂತು ನೋಡಿ ಬಂದೆ. ಯುದ್ಧ ಶುರುವಾಗಿ ರಬ್ಬರು ಸಿಗದಂತಾದಾಗ, ಸವೆದ ಚಕ್ರಕ್ಕೆ ಬಸ್ಸಿನ ಹಳೆಯ ಟೈರಿನ ಪಟ್ಟಿ ಕೊಯ್ಯಿಸಿ ಹೊಡೆಸಿದೆ. ಗಾಡಿ ಆಮೇಲೆ ಸ್ವಲ್ಪ ಗಡಗಡ ಎನ್ನುತ್ತಿತ್ತು, ಆದರೆ ಹಿಡಿ ಗಟ್ಟಿಯಾಗಿತ್ತು.

ಎರಡು ವರ್ಷ ತುಂಬುವ ಹೊತ್ತಿಗೆ ಮಗ ಓಡಾಡತೊಡಗಿದ. ಗಾಡಿಯಲ್ಲಿ ಕೂರಿಸಿದರೆ ಇಳಿಸೆಂದು ಕಿರುಚುತ್ತಿದ್ದ. ಹೋಳೂರಿನಲ್ಲಿರುವ ನನ್ನ ನಾದಿನಿಗೆ ಆಗ ಎಂಟು ತಿಂಗಳ ಹೆಣ್ಣು ಕೂಸು. ಒಂದು ಭಾನುವಾರ ಅವಳ ಗಂಡ ಎತ್ತಿನ ಬಂಡಿ ಹೊಡೆದುಕೊಂಡು ನಮ್ಮ ಬಾಗಿಲಿಗೆ ಬಂದರು. ಬಂಡಿಯಲ್ಲಿ ಹುಲ್ಲು ಹಾಸಿತ್ತು, ಮೇಲೆ ಹಗ್ಗ ಸಿದ್ಧವಾಗಿತ್ತು. ಏನು ಸಮಾಚಾರ ಎಂದೆ.

"ಗಾಡಿ ಒಯ್ಯೋಕೆ ಬಂದೆ ತಾಯಿ. ಭಾವ ಕಾಗದ ಬರೆದಿದ್ರಲ್ಲ" ಎಂದರು.

ನಮ್ಮ ಮನೆಯವರು ಒಳಗಿನಿಂದ ನಗುತ್ತಾ ಬಂದರು. "ಸುಮ್ನೆ ಮೂಲೇಲಿ ಬಿದ್ದಿರುತ್ತಲ್ಲೇ. ನಮ್ಮೋನು ನಡೀತಾನೆ, ಇನ್ಯಾರಿಗೆ ಬೇಕು ಅದು?"

ನನ್ನನ್ನು ಒಂದು ಮಾತು ಕೇಳಿರಲಿಲ್ಲ. ನಾನು ಹೋಗಿ ಗಾಡಿಯ ಹಿಡಿ ಹಿಡಿದು ನಿಂತೆ. ನಾದಿನಿಯ ಗಂಡ ಆ ಕಡೆಯಿಂದ ಎತ್ತಲು ಬಾಗಿದವರು ನನ್ನ ಮುಖ ನೋಡಿ ಹಾಗೇ ನಿಂತರು.

"ಇದು ಮಗೂದಲ್ಲ ರೀ. ನಂದು."

"ನಿನಗ್ಯಾತಕ್ಕೇ ಗಾಡಿ?" ಎಂದರು ನಮ್ಮ ಮನೆಯವರು. ತಮಾಷೆಯೆಂದೇ ತಿಳಿದಿದ್ದರು.

"ನಡೆಯೋಕೆ" ಎಂದೆ. "ಇದನ್ನ ಹಿಡ್ಕೊಂಡ್ರೆ ನಾನು ನೆಟ್ಟಗೆ ನಡೀತೀನಿ. ಬಿಟ್ರೆ ಕುಂಟ್ತೀನಿ. ಅವತ್ತು ಅಂಗಡೀಲಿ ನಾನು ನೋಡಿದ್ದು ಮುಸುಕಲ್ಲ, ಹಿಡಿ."

ಗಂಡಸರು ಹುಟ್ಟುವಾಗಲೇ ಕಲಿತು ಬರುವ ಆ ಮಾತನ್ನು ಅವರೂ ಹೇಳಿದರು. "ಮೊದ್ಲೇ ಹೇಳಬಾರದಿತ್ತಾ?"

ನನ್ನ ಜೀವಮಾನದಲ್ಲಿ ಅಷ್ಟು ಸಿಟ್ಟು ಯಾವತ್ತೂ ಬಂದಿಲ್ಲ. "ನೀವು ನೋಡಬಾರದಿತ್ತಾ?" ಎಂದೆ. "ಏಳು ವರ್ಷ ಒಂದೇ ಮನೇಲಿದ್ದೀವಿ. ಪರವಾಗಿಲ್ಲ ಅಂದ್ರಲ್ಲ, ಯಾರಿಗೆ ಪರವಾಗಿಲ್ಲ ಅಂತ ಒಂದ್ಸಲ ಕೇಳಿದ್ರಾ?" ಕೂಗಿದೆನೆಂದು ಕಾಣುತ್ತದೆ, ಎದುರು ಮನೆಯ ಕಿಟಕಿ ತೆರೆಯಿತು. ತೆರೆಯಲಿ ಎಂದುಕೊಂಡೆ. ಅವರು ತಲೆ ತಗ್ಗಿಸಿ ನನ್ನ ಕಾಲನ್ನು ನೋಡುತ್ತಾ ನಿಂತರು. ಹಿತ್ತಲಲ್ಲಿ ನಮ್ಮಪ್ಪ ಹೇಳಿದ ದಿನ ನೋಡಬೇಕಾಗಿದ್ದದ್ದನ್ನು ಆ ಭಾನುವಾರ ನೋಡಿದರು.

ಮೊದಲು ಬಾಯಿಬಿಟ್ಟವರು ಅತ್ತೆ. ಹಸುವಿನ ಪ್ರಸ್ತಾಪ ಮಾಡಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. "ಪೋನೀಂಡಿ ಅಳಿಯಂದ್ರೇ, ಹೋಗ್ಲಿ ಬಿಡಿ, ಎತ್ತು ಬಿಚ್ಚಿ. ಊಟ ಮಾಡ್ಕೊಂಡು ಹೊರಡಿ. ನಿಮ್ ಕೂಸಿಗೆ ಬೀದಿ ತೊಟ್ಲು ಕೊಡಿಸ್ತೀನಿ" ಎಂದು ಒಳಗೆ ಹೋದರು.

ಈಗ ನಾನು ಗಾಡಿಯನ್ನು ಸಂತೆಗೆ ತೆಗೆದುಕೊಂಡು ಹೋಗುತ್ತೇನೆ. ಮೊನ್ನೆ ಮಗ ಪಕ್ಕದಲ್ಲಿ ನಡೆಯುತ್ತಿದ್ದ. ಅವನ ಜಾಗದಲ್ಲಿ ಕುಂಬಳಕಾಯಿ, ಈರುಳ್ಳಿ ಕೂತಿದ್ದವು. ನಂಗಲಿ ದಾರಿಯ ಯಾವುದೋ ಹಳ್ಳಿಯಿಂದ ಬಂದಿದ್ದ ಅವರೆಕಾಯಿ ಮಾರುವ ಮುದುಕಿಯೊಬ್ಬಳು ನಕ್ಕಳು.

"ಇದೇನಮ್ಮಾ ಸೋಜಿಗ! ಕೂಸ್ನ ನಡಿಸ್ಕೊಂಡು ಕುಂಬ್ಳಕಾಯ್ನ ಸವಾರಿ ಮಾಡಿಸ್ತಿದ್ದೀಯಾ?"

"ಅವನ ಕಾಲು ನೆಟ್ಟಗಿದೆ ಅಜ್ಜಿ, ನಡೀತಾನೆ" ಎಂದೆ. "ನಂದು ಸೊಟ್ಟ. ಗಾಡಿ ನನಗೆ."

ಸಂತೆಯ ನಡುವೆ, ಗುರುತಿಲ್ಲದವಳ ಮುಂದೆ, ಅಷ್ಟು ಸಲೀಸಾಗಿ ಆ ಮಾತು ಬಂತು. ಮುದುಕಿ ನಗು ನಿಲ್ಲಿಸಿದಳು. ಮೊಣಕಾಲಿನ ಮೇಲೆ ಕೈಯೂರಿ ಎರಡು ಸಲ ಪ್ರಯತ್ನಿಸಿ ಎದ್ದಳು. ಗಾಡಿಯ ಒಳಗೆ ಇಣುಕಲಿಲ್ಲ, ಚಕ್ರ ಒತ್ತಲಿಲ್ಲ. ನೇರವಾಗಿ ನನ್ನ ಪಕ್ಕಕ್ಕೆ ಬಂದು ಹಿಡಿಯ ಮೇಲೆ ಎರಡೂ ಕೈಯಿಟ್ಟು, ನಾನು ಕೋಲಾರದ ಅಂಗಡಿಯಲ್ಲಿ ಮಾಡಿದಂತೆ, ಮೈಭಾರ ಬಿಟ್ಟಳು. "ತಡೀತದೆ" ಎಂದಳು. "ಒಂದು ಗಳಿಗೆ ತಳ್ಳಲೇನಮ್ಮಾ? ಮಂಡಿ ನೋವು, ಬೆಳಗ್ಗಿಂದ ಕೂತು ಕೂತು ಹಿಡ್ಕೊಂಡೈತೆ."

ತಳ್ಳು ಎಂದೆ. ಮೆಣಸಿನಕಾಯಿಯವರ ಸಾಲು ದಾಟಿ, ಬಳೆಯವರ ಸಾಲು ದಾಟಿ, ನನ್ನ ಕುಂಬಳಕಾಯಿಯನ್ನು ಮೆರೆಸಿಕೊಂಡು ಅವಳು ದೂರ ಹೋಗುತ್ತಲೇ ಇದ್ದಳು. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಅವರೆಕಾಯಿ ಹೇಗೆ ಎಂದು ಕೇಳಿದ. ನಾನು ಅವಳ ಗೋಣಿಚೀಲದ ಮೇಲೆ ಕಾಲು ನೀಡಿ ಕೂತು, ಎರಡು ಸೇರು ಅಳೆದುಕೊಟ್ಟೆ.